ಹಕಾರವಿಲ್ಲದ ಸೊಸೆ

ನನ್ನ ಸೊಸೆ ಮನೆ ತುಂಬಿದ ದಿನವೇ ಅರ್ಧ ಊರು ಪಾಯಸದ ದೊನ್ನೆಯನ್ನು ಕೆಳಗಿಟ್ಟಿತು. ಪಾಯಸದ್ದೇನೂ ತಪ್ಪಿರಲಿಲ್ಲ. ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದರು. ಹುಡುಗಿ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಎಲ್ಲರಿಗೂ ಕೇಳುವಂತೆ "ಆಲಪ್ಪ" ಎಂದಳು. ನನ್ನ ಮಗನ ಹೆಸರು ಹಾಲಪ್ಪ. ಚಪ್ಪರದಲ್ಲಿ ದೊನ್ನೆಗಳು ಒಮ್ಮೆಲೇ ಕೆಳಗಿಳಿದವು. ಆಮೇಲೆ ನಮ್ಮ ಕಡೆಯ ನೆಂಟರು, ನೆರೆಯವರು, ಓಲಗದವರು ಎಲ್ಲರೂ "ಹಾ, ಹಾ" ಎಂದು ತಂತಮ್ಮ ಬಾಯಿ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿಬಂದು, ಹಾಲು ಒಳ್ಳೆಯದೇ, ಬೇಕಾದರೆ ಕೊಳದಪ್ಪಲೆಯನ್ನೇ ಎತ್ತಿ ಕುಡಿಯುತ್ತೇನೆ ಎಂದು ಆಣೆ ಹಾಕಿದ. ಎಲ್ಲರ ಹಕಾರವೂ ಅವರವರ ಬಾಯಲ್ಲಿ ಭದ್ರವಾಗಿತ್ತು. ಇಲ್ಲದ್ದು ನನ್ನ ಸೊಸೆಗೆ ಮಾತ್ರ.

ಪರವೂರಿನವರಿಗೆ ಇದು ವಿಚಿತ್ರವೆನಿಸಬಹುದು. ನಮಗೆ ಅಭ್ಯಾಸವಾಗಿದೆ. ಕೆಚ್ಚಲು ಬಾವು ಬಂದ ಹಸುವಿಗೆ ದನದ ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆ ಮದ್ದು ಹಾಲಿಗಿಳಿದಿದ್ದರೆ, ಕುಡಿದವರ ಹಕಾರ ಮೊದಲ ಗುಟುಕಿಗೇ ಬಿದ್ದುಹೋಗುತ್ತದೆ. ಹೊತ್ತು ಮುಳುಗಿದಾಗ ವಾಪಸು ಬರುತ್ತದೆ. ನಾವು ಅದನ್ನು ಸೂಜಿ ಹಾಲು ಎನ್ನುತ್ತೇವೆ. ಅಂಥ ಹಾಲನ್ನು ದಿನವೂ ಹನಿ ಹನಿ ಕುಡಿದರೆ ನಿಜವಾಗಿ ಜ್ವರ ಬಂದ ದಿನ ಮದ್ದು ನಾಟುವುದಿಲ್ಲ ಎಂದು ಡಾಕ್ಟರು ಹೇಳುತ್ತಲೇ ಇರುತ್ತಾರೆ. ಅವರು ಹೇಳುವ ಮೊದಲೇ ನಮ್ಮೂರು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದನ್ನು ಕಲಿತಿತ್ತು. ಯಾರ ಮನೆಯಲ್ಲಿ ಕಾಫಿ ಕುಡಿದರೂ ಲೋಟ ಕೆಳಗಿಡುವಾಗ "ಹಿತವಾಗಿತ್ತು" ಎನ್ನಬೇಕು. ಅದು ಹೊಗಳಿಕೆ ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಶಾಲೆಯಲ್ಲಿ ಮಕ್ಕಳು "ಹಾಜರಿ" ಎಂದು ಕೂಗುವಾಗ ಯಾವುದಾದರೂ ಮಗು "ಆಜರಿ" ಎಂದರೆ ಮೇಷ್ಟರು ಅದರ ಮನೆಗೆ ಹೇಳಿಕಳಿಸುತ್ತಾರೆ. ಹೆಣ್ಣು ನೋಡಲು ಹೋದವರು "ಇತವಾಗಿತ್ತು" ಎಂದು ಎದ್ದುಬಂದು, ಆಗಬೇಕಿದ್ದ ಸಂಬಂಧ ಮುರಿದುಹೋದದ್ದೂ ಉಂಟು.

ಊರಿನವರು ನನ್ನನ್ನು ಡೈರಿ ಕಿವಿ ಹೊಂಬಾಳಮ್ಮ ಎನ್ನುತ್ತಾರೆ. ಹಾಲಿನ ಸಂಘದಲ್ಲಿ ಕೇಳುವ ಕೆಲಸ ನನ್ನದು. ಯಾರು ಹಸು ಕರೆದರೋ ಅವರೇ ಕ್ಯಾನು ತರಬೇಕು, ನನ್ನ ಮುಂದೆ ಅದರಿಂದಲೇ ಒಂದು ಗುಟುಕು ಕುಡಿದು "ಹಾಲು" ಎನ್ನಬೇಕು. ಹಕಾರ ಸರಿಯಾಗಿ ಬಿದ್ದರೆ, ಅಂದರೆ ಬೀಳದೆ ನಿಂತರೆ, ನಾನು ಅವರ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಆಮೇಲೆ ಹಾಲು ದೊಡ್ಡ ತೊಟ್ಟಿಗೆ. ಬೆಳಗಿನ ಹೊತ್ತು ಡೈರಿಯ ಮುಂದೆ ಹೆಸರು ಕೂಗಿಸಿಕೊಂಡವರ ನಡಿಗೆಯೇ ಬೇರೆ. ಪೇಟೆಯಿಂದ ಬರುವ ಟ್ಯಾಂಕರಿನವನು ಒಂದು ಕಾಗದದ ಪಟ್ಟಿಯನ್ನು ಹಾಲಿಗೆ ಅದ್ದಿ, ಗೆರೆ ಮೂಡಿದರೆ ಒಳ್ಳೆಯದು, ಮೂಡದಿದ್ದರೆ ಸೂಜಿಯದು ಎನ್ನುತ್ತಾನೆ. ಪಾಪ, ಅವನ ಪಟ್ಟಿಗೂ ಏನೋ ಒಂದು ಕಾಣೆಯಾಗಬೇಕು, ಆಗಲೇ ಗೊತ್ತಾಗುವುದು. ಆದರೆ ಅದು ಹೇಳುವುದು ತೊಟ್ಟಿಯ ಸುದ್ದಿಯನ್ನು. ಯಾರ ಕ್ಯಾನು ಎಂದು ಹೇಳಲು ನನ್ನ ಕಿವಿಯೇ ಬೇಕು.

ಇಂಥ ಕಿವಿಯ ಮನೆಗೆ ಬಂದವಳು ಚಿಕ್ಕತಾಯಮ್ಮ. ಅವಳ ಸೀಮೆಯಲ್ಲಿ ಹಕಾರವೇ ಇಲ್ಲ. ಇಲ್ಲವೆಂಬುದು ಅವರಿಗೆ ಗೊತ್ತೂ ಇಲ್ಲ, ಅದಿಲ್ಲದೆ ಅವರ ಯಾವ ಕೆಲಸವೂ ನಿಂತಿಲ್ಲ. ತೌರಿನಿಂದ ಬೆಳ್ಳಿ ಎಂಬ ಹಸುವನ್ನು ಹೊಡೆದುಕೊಂಡು ಬಂದಿದ್ದಳು. ಚೆಲುವಾದ ಹಸು, ಕೆಟ್ಟ ಸ್ವಭಾವ. ಅವಳೊಬ್ಬಳನ್ನು ಬಿಟ್ಟು ಯಾರು ಕೆಚ್ಚಲಿಗೆ ಕೈಯಿಟ್ಟರೂ ಒದೆಯುತ್ತಿತ್ತು. ನನ್ನ ಮಗ ಒಮ್ಮೆ ಪ್ರಯತ್ನಪಟ್ಟು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತ. ಹೀಗಾಗಿ ಕರೆಯುವವಳು ಅವಳೇ, ಕುಡಿದು ಹೇಳಬೇಕಾದವಳೂ ಅವಳೇ. ಮೊದಲ ದಿನ ಕ್ಯಾನು ಹೊತ್ತು ಬಂದು, ಗುಟುಕು ಕುಡಿದು, ನನ್ನ ಮುಖ ನೋಡಿ ನಗುತ್ತಾ "ಆಲು" ಎಂದಳು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆಗೇ ಕಣ್ಣು ನೆಟ್ಟರು. ನಾನು ವಾಪಸು ಕಳಿಸಿದೆ. ಕಿವಿಗೆ ಸೊಸೆ, ಮಗಳು ಎಂಬುದಿಲ್ಲ. ಒಂದು ದಿನ ಬಿಟ್ಟುಕೊಟ್ಟರೆ ಮರುದಿನ ಊರಿನವರೆಲ್ಲ ತಮ್ಮ ಸೀಮೆಯ ಕತೆ ಹೇಳಿಕೊಂಡು ಬರುತ್ತಾರೆ.

ಅವಳೂ ಬಿಡುವವಳಲ್ಲ. ದಿನಾ ಬೆಳಗ್ಗೆ ಬರುವುದು, ಕುಡಿಯುವುದು, "ಆಲು" ಎನ್ನುವುದು, ವಾಪಸು ಹೋಗುವುದು. ನಮ್ಮ ಮನೆಯಲ್ಲಿ ಮೊಸರೋ ಮೊಸರು. ಮಜ್ಜಿಗೆ ಹುಳಿ ತಿಂದು ತಿಂದು ನನ್ನ ಮಗ ಸಾರಿನ ಮುಖ ನೋಡಲು ಹಂಬಲಿಸುತ್ತಿದ್ದ. ಮನೆಯಲ್ಲಿ ಹೇಗೂ ಬಳಕೆಯಾಗುತ್ತದಲ್ಲ, ಸಂಘದ ಗೊಡವೆ ಯಾಕೆ ಎಂದು ನಾನೇ ಒಂದು ದಿನ ಕೇಳಿದೆ. ಅವಳು ಕ್ಯಾನು ಬೆಳಗುತ್ತಿದ್ದವಳು ತಲೆಯೆತ್ತಿದಳು.

"ಅಸ ನಂದು, ಕರ್ದೋಳು ನಾನು. ನನ್ನ ಎಸ್ರು ಒಂದ್ ಕಿತ ಕೂಗಿ ಅತ್ತೆಮ್ಮ. ಈ ಊರಲ್ಲಿ ಎಲ್ರೂ ನನ್ನ ಆಲಪ್ಪನ ಎಂಡ್ತಿ ಅಂತಾರೆ, ಇಲ್ದಿದ್ರೆ ಅಕಾರ ಇಲ್ದೋಳು ಅಂತಾರೆ. ನಂಗೂ ಒಂದು ಎಸ್ರು ಅದೆ."

ನನಗೆ ಕರುಳು ಚುರುಕ್ಕೆಂದಿತು. ಸುಳ್ಳು ಹೇಳುವುದಿಲ್ಲ, ಅವತ್ತಿನಿಂದ ಅವಳಿಗೆ ಹಕಾರ ಕಲಿಸಿಯೇ ಬಿಡುತ್ತೇನೆಂದು ಸೊಂಟ ಕಟ್ಟಿ ನಿಂತೆ. ಒಲೆಯ ಮುಂದೆ ಕೂರಿಸಿ ಕೆಂಡ ಊದಿಸಿದೆ. ಕನ್ನಡಿ ಹಿಡಿದು, ಅದು ಮಬ್ಬಾಗುವ ಹಾಗೆ ಉಸಿರು ಬಿಡು, ಬಿಡುತ್ತಲೇ ಮಾತಾಡು ಎಂದೆ. ಬಿಸಿ ಮುದ್ದೆಯನ್ನು ಬಾಯಿಗಿಟ್ಟು, ಸುಟ್ಟಾಗ ಬರುತ್ತದಲ್ಲ, ಅದೇ ಹಕಾರ ಎಂದು ತೋರಿಸಿದೆ. ಹುಡುಗಿ ಬೆವರು ಹರಿಸಿ ಕಲಿತಳು. ಕಲಿತದ್ದು ಬರಲೂ ತೊಡಗಿತು, ಆದರೆ ಬರಬಾರದ ಕಡೆ. ಒಂದು ಮಧ್ಯಾಹ್ನ ಜಗುಲಿಯಲ್ಲಿ ಮೊರ ಹಿಡಿದು ಕೂತಿದ್ದವಳನ್ನು ಪಕ್ಕದ ಮನೆಯವರು ಏನು ಮಾಡುತ್ತಿದ್ದೀಯೆ ಎಂದು ಕೇಳಿದ್ದಕ್ಕೆ "ಹಕ್ಕಿ ಹಾರಿಸ್ತಾ ಇವ್ನಿ" ಎಂದಳು. ಅಕ್ಕಿ ಆರಿಸುತ್ತಿದ್ದಳು ಅಷ್ಟೆ. ಪಕ್ಕದ ಮನೆಯ ಮಕ್ಕಳು ಹಕ್ಕಿ ನೋಡಲು ಓಡಿಬಂದವು. ನನ್ನನ್ನು "ಹತ್ತೆಮ್ಮ" ಎಂದಳು, ಅನ್ನವನ್ನು "ಹನ್ನ" ಎಂದಳು. ಕ್ಯಾನಿನ ಮುಂದೆ ನಿಂತಾಗ ಮಾತ್ರ ಅದೇ "ಆಲು". ಊರೆಲ್ಲ ಇದನ್ನು ಹೇಳಿಕೊಂಡು ನಕ್ಕಿತು. ನಾನೂ ನಕ್ಕೆ, ನಗದೆ ಇರಲು ಆಗುತ್ತದೆಯೇ.

ಈ ನಡುವೆ ಅವಳ ತಂಗಿಯ ಮಗುವಿಗೆ ಹೆಸರಿಡುವುದಿತ್ತು, ತೌರಿಗೆ ಹೋದಳು. ಅವಳಿಲ್ಲದಾಗ ಬೆಳ್ಳಿಯ ಹಾಲನ್ನು ಕರುವಿಗೇ ಬಿಟ್ಟೆವು. ತಿರುಗಿ ಬಂದ ಮರುದಿನ ಬೆಳಗ್ಗೆ ಎಂದಿನಂತೆ ಕ್ಯಾನು ಹೊತ್ತು ಸಾಲಿನಲ್ಲಿ ನಿಂತಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ, ದಿನದ ಕತೆ. ನಾನೂ ವಾಪಸು ಕಳಿಸುವ ಕೈಯನ್ನು ಆಗಲೇ ಅರ್ಧ ಎತ್ತಿದ್ದೆ. ಅವಳು ಗುಟುಕು ಕುಡಿದು "ಹಾಲು" ಎಂದಳು.

ಎಂಥ ಹಕಾರ ಅಂತೀರಿ. ಎದೆಯಿಂದ ಎದ್ದು ಬಂದ, ತುಂಬಿದ, ಬಿಸಿ ಬಿಸಿ ಹಕಾರ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ಇನ್ನೊಮ್ಮೆ ಹೇಳು ಎಂದೆ, ಇನ್ನೊಮ್ಮೆ ಹೇಳಿದಳು. ಅವಳೇ ಬೆಚ್ಚಿ ತುಟಿ ಮುಟ್ಟಿ ನೋಡಿಕೊಂಡಳು. ಸಾಲಿನಲ್ಲಿದ್ದ ಹೆಂಗಸರು ಸಿಳ್ಳೆ ಹೊಡೆಯುವುದೊಂದು ಬಾಕಿ. ನನಗೆ ಕಣ್ಣು ತುಂಬಿಬಂತು. ಕನ್ನಡಿ, ಕೆಂಡ, ಮುದ್ದೆ ಯಾವುದೂ ದಂಡವಾಗಲಿಲ್ಲ ಎಂದುಕೊಂಡೆ. ಕ್ಯಾನು ತೊಟ್ಟಿಗೆ ಹೊಯ್ದಿದ್ದಾಯಿತು. ಇನ್ನೇನು ಅವಳ ಹೆಸರು ಕೂಗಬೇಕು, ಅಷ್ಟರಲ್ಲಿ ಸಂಘದ ಅಧ್ಯಕ್ಷ ಗುರುಸಿದ್ದಪ್ಪನವರು ಕೈಯೆತ್ತಿ ತಡೆದರು. ಇಂಥ ದಿನ ಸುಮ್ಮನೆ ಕೂಗಿಬಿಟ್ಟರೆ ಹೇಗೆ, ಎಲ್ಲರಿಗೂ ಕಾಫಿಯಾಗಲಿ, ನಾಲ್ಕು ಮಾತಾಡಿ ಆಮೇಲೆ ಕೂಗಿಸೋಣ ಎಂದರು. ನಾಲ್ಕು ಮಾತಾಡಲು ಸಿಕ್ಕ ಸಂದರ್ಭವನ್ನು ಅವರು ಯಾವತ್ತೂ ಬಿಟ್ಟವರಲ್ಲ. ತೊಟ್ಟಿಯಿಂದಲೇ ಹಾಲು ತೆಗೆದು ಎದುರಿನ ಹೋಟೆಲಿನವನು ಕಾಫಿ ಮಾಡಿದ. ಎಲ್ಲರ ಕೈಗೂ ಲೋಟ ಬಂತು, ನನಗೂ ಬಂತು. ಕ್ಯಾನು ಬೆಳಗಲು ಹೋಗಿದ್ದ ಸೊಸೆಯನ್ನು ಯಾರೋ ಕರೆತಂದು ನಡುವೆ ನಿಲ್ಲಿಸಿದರು. ಅಧ್ಯಕ್ಷರು ಎದ್ದು, "ಈ ಹರ್ಷದ ಹೊತ್ತಿನಲ್ಲಿ" ಎಂದು ಶುರುಮಾಡಿ, ಗಂಟಲು ಒದ್ದೆ ಮಾಡಿಕೊಳ್ಳಲು ಒಂದು ಗುಟುಕು ಕುಡಿದು, "ಆರ್ದಿಕ ಅಭಿನಂದನೆ" ಎಂದರು.

ಯಾರಿಗೂ ನಗು ಬರಲಿಲ್ಲ. ಎಲ್ಲರೂ ಲೋಟ ಖಾಲಿ ಮಾಡಿದ್ದೆವು, ಕೆಳಗಿಟ್ಟು ಹಿತವಾಗಿತ್ತು ಎನ್ನುವುದಷ್ಟೇ ಉಳಿದಿತ್ತು. "ಆ, ಆ" ಎಂದು ಡೈರಿಯ ತುಂಬ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರ ಸದ್ದು. ನಾನೂ ತಿರುಗಿ ನಿಂತು ಮೆಲ್ಲಗೆ ನನ್ನ ಹೆಸರು ಹೇಳಿಕೊಂಡೆ. ಒಂಬಾಳಮ್ಮ. ಇವತ್ತು ಬಂದ ಕ್ಯಾನುಗಳನ್ನೆಲ್ಲ ಕೇಳಿದವಳು ನಾನೇ, ಒಂದರಲ್ಲೂ ತಪ್ಪಿರಲಿಲ್ಲ. ಅಷ್ಟರಲ್ಲಿ ಟ್ಯಾಂಕರಿನವನು ಬಂದು ಪಟ್ಟಿ ಅದ್ದಿದ. ಗೆರೆ ಮೂಡಲಿಲ್ಲ. ಇಡೀ ತೊಟ್ಟಿಯ ಹಾಲನ್ನು ಹಿಂದಿನ ಗುಂಡಿಗೆ ಬಿಡಬೇಕಾಯಿತು. ಅಷ್ಟೂ ಮನೆಯವರ ಬೆಳಗಿನ ದುಡಿಮೆ ಮಣ್ಣಿಗೆ ಇಳಿಯುವುದನ್ನು ಎಲ್ಲರೂ ನಿಂತು ನೋಡಿದರು.

ಗುಂಡಿಯ ಅಂಚಿನಲ್ಲಿ ನನ್ನ ಮಗ ಹಾಲಪ್ಪ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಅವನು ತಲೆ ಕೆರೆದುಕೊಂಡನೆಂದರೆ ಏನೋ ಇದೆ ಎಂದೇ ಲೆಕ್ಕ. ಗದರಿಸಿ ಕೇಳಿದೆ. ಹೆಂಡತಿ ತೌರಿಗೆ ಹೋದಾಗ ಬೆಳ್ಳಿಯ ಒಂದು ಮೊಲೆ ಊದಿಕೊಂಡಿತ್ತಂತೆ, ನಾನು ಡೈರಿಯಲ್ಲಿದ್ದ ಹೊತ್ತಿನಲ್ಲಿ ಡಾಕ್ಟರನ್ನು ಕರೆಸಿ, ಕಾಲು ಕಟ್ಟಿಸಿ ಸೂಜಿ ಹಾಕಿಸಿದ್ದನಂತೆ. ಅವಳು ಬರುವಷ್ಟರಲ್ಲಿ ಬಾವು ಇಳಿದಿತ್ತು. ಯಾಕೋ ಹೇಳಲಿಲ್ಲ ಎಂದರೆ, ನನ್ನ ಮುಖ ನೋಡದೆ ಹೇಳಿದ: "ನೀನು ಎಂಗೂ ದಿನಾ ವಾಪಸ್ ಕಳಿಸ್ತೀಯಲ್ಲವ್ವ. ಡೈರಿಗಂತೂ ಓಗಲ್ಲ, ಮನೇಲಿ ಆಮೇಲೆ ಏಳಿದ್ರಾಯ್ತು ಅಂದ್ಕೊಂಡೆ."

ಅವನಿಗೆ ಎರಡು ಬಿಡೋಣವೆನಿಸಿತು. ಆದರೆ ಜನರ ಕಣ್ಣು ಆಗಲೇ ಅವನನ್ನು ಬಿಟ್ಟು ಅವನ ಹೆಂಡತಿಯ ಮೇಲೆ ಬಿದ್ದಿತ್ತು. ಕ್ಯಾನು ಹಿಡಿದು ನಿಂತ ಅವಳು, ಹಸುವಿಗೆ ಸೂಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ ಎಂದಳು. ಹಸು ಎಂದಾಗಲೂ ಹಕಾರ, ಹಾಕಿದ್ದು ಎಂದಾಗಲೂ ಹಕಾರ. ಇಡೀ ಊರಿನ ಬಾಯಿ ಬೋಳಾಗಿರುವಾಗ ಅವಳೊಬ್ಬಳ ಬಾಯಲ್ಲಿ ಹಕಾರ ಜರತಾರಿ ಸೀರೆಯುಟ್ಟು ಓಡಾಡುತ್ತಿತ್ತು.

"ಸೂಜಿ ಆಲು ಕುಡಿದೂ ಬೀಳದ ಅಕಾರ ಅಂದ್ರೆ ಅದು ಕಲಿತ ಅಕಾರ," ಎಂದರು ಗುರುಸಿದ್ದಪ್ಪನವರು. ಅಕಾರವೋ ಹಕಾರವೋ ಎಂದು ಕೆಲವರು ಗೊಂದಲಕ್ಕೆ ಬಿದ್ದರು, ಆದರೆ ಮಾತಿನ ತೂಕ ಎಲ್ಲರಿಗೂ ತಿಳಿಯಿತು. "ಅಂಥ ಬಾಯಿ ಇದ್ರೆ ನಾಳೆ ಏನು ಬೇಕಾದ್ರೂ ತಂದು ಸುರೀಬೌದು. ನಮ್ಮ ಮಕ್ಕಳು ಕುಡಿಯೋ ಆಲಮ್ಮ ಇದು. ಈ ಉಡುಗಿ ಇನ್ನು ಡೈರಿ ಮೆಟ್ಲು ತುಳೀಬಾರದು."

ಹೌದು ಹೌದು ಎಂದು ಜನ ಔದು ಔದು ಎಂದರು. ಹಕ್ಕಿ ಹಾರಿಸಿದ ಕತೆಯನ್ನು ಪಕ್ಕದ ಮನೆಯವರೇ ಸಾಕ್ಷಿಯಾಗಿ ಹೇಳಿದರು. ಕಲಿಸಿದವಳು ಅತ್ತೆಯೇ, ಕೇಳುವವಳೂ ಅತ್ತೆಯೇ, ಇದು ಚೆನ್ನಾಗಿದೆ ಎಂದು ಹಿಂದಿನಿಂದ ಒಂದು ದನಿ ಬಂತು. ನನಗೆ ಮೈಯೆಲ್ಲ ಉರಿಯಿತು. ಉರಿಯಲ್ಲೇ ಒಂದು ವಿಚಾರ ಹೊಳೆಯಿತು. ಇದ್ದವರ ಹಕಾರವನ್ನು ಬೀಳಿಸುವ ಮದ್ದು, ಇಲ್ಲದವಳಿಗೆ ಹಕಾರ ತಂದು ಕೂರಿಸಿದ್ದರೆ? ಅವಳು ಇಷ್ಟು ದಿನ ತಂದದ್ದು ಒಳ್ಳೆಯ ಹಾಲು, ಅದಕ್ಕೇ "ಆಲು". ಇವತ್ತಿನದು ಸೂಜಿಯದು, ಅದಕ್ಕೇ "ಹಾಲು".

"ಸಂಜೆ ತನಕ ಕಾಯೋಣ," ಎಂದೆ. "ಉಳಿದ್ರೆ ಕಲಿತದ್ದು, ನಾನೇ ಅವಳ ಕ್ಯಾನು ಮುಚ್ಚಿಡ್ತೀನಿ. ಬಿದ್ರೆ ಮದ್ದಿಂದು."

ಅವಳು ಬೇಕೆಂತಲೇ ಬೀಳಿಸಿದರೆ ಎಂದು ಅಧ್ಯಕ್ಷರು ಕೇಳಿದರು. ಹಾಗಾದರೆ ನೀವೇ ಕೇಳಿ, ನನ್ನ ಕಿವಿ ಇವತ್ತು ರಜ ಎಂದೆ. ಅವರು ಒಪ್ಪಿದರು.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಊರಿಗೆ ಊರೇ ಡೈರಿಯ ಜಗುಲಿಯಲ್ಲಿ ಕೂತಿತ್ತು. ಚಿಕ್ಕತಾಯಮ್ಮನನ್ನು ಅಧ್ಯಕ್ಷರ ಎದುರು ಕೂರಿಸಿದ್ದರು. ಅವರು ಹೇಳು ಎಂದಾಗಲೆಲ್ಲ, ಅಂದರೆ ಏಳು ಎಂದಾಗಲೆಲ್ಲ, ಅವಳು ಮೊದಮೊದಲು ಎದ್ದು ನಿಲ್ಲುತ್ತಿದ್ದಳು. ಆಮೇಲೆ ಅರ್ಥವಾಗಿ ಕೂತಲ್ಲೇ "ಹಾಲು" ಎನ್ನತೊಡಗಿದಳು. ಬಾಯಿ ಒಣಗಿತ್ತು, ಕಣ್ಣು ಕೆಂಪಾಗಿತ್ತು. ನಾನು ನೀರು ಕೊಡಲು ಹೋದಾಗ ಮೆಲ್ಲಗೆ, "ನಂಗೆ ಹೆದ್ರಿಕೆ ಆಯ್ತದೆ ಅತ್ತೆಮ್ಮ. ಬಾಯೊಳಗೆ ಬ್ಯಾರೆ ಯಾರೋ ಕೂತವ್ರೆ ಅನ್ನೋ ಹಂಗದೆ," ಎಂದಳು. ಎಷ್ಟು ಸೊಗಸಾಗಿ ಹೇಳಿದಳೆಂದರೆ ನನಗೇ ಅನುಮಾನ ಹುಟ್ಟಿತು. ಕನ್ನಡಿ ಹಿಡಿದು, ಕೆಂಡ ಊದಿಸಿ ನಾನು ಕಲಿಸಿದ್ದು ನಿಜವಾಗಿಯೂ ಇವತ್ತೇ ಕೈಗೂಡಿಬಿಟ್ಟಿದ್ದರೆ? ಸಂಜೆಯಾದರೂ ಇದು ಹೋಗದಿದ್ದರೆ? ಅವಳಿಗೆ ಒಂದು ಹಕಾರ ಬರಲಿ ಎಂದು ಹರಕೆ ಹೊತ್ತವಳೇ ನಾನು. ಈಗ ಅದೇ ದೇವರಿಗೆ, ತಪ್ಪಾಯಿತು, ತೆಗೆದುಕೋ ಎಂದು ಕೈಮುಗಿದೆ.

ಬಿಸಿಲು ಹಳದಿಯಾಯಿತು. "ಹಾಲು." ನೆರಳು ಜಗುಲಿ ದಾಟಿತು. "ಹಾಲು." ಗುರುಸಿದ್ದಪ್ಪನವರು ಈಗ ಪ್ರತಿ ಸಲವೂ ತಲೆಯಾಡಿಸಿ ನನ್ನ ಕಡೆ ನೋಡುತ್ತಿದ್ದರು. ಗೆದ್ದವರ ನೋಟವಲ್ಲ ಅದು, ಅವರಿಗೂ ಪಾಪ ಎನಿಸತೊಡಗಿತ್ತು. ಹೊತ್ತು ಗುಡ್ಡದ ನೆತ್ತಿಗೆ ತಾಗಿತು. ಇನ್ನೊಮ್ಮೆ ಎಂದರು. "ಹಾಲು" ಎಂದಳು, ಅಷ್ಟೇ ಗಟ್ಟಿಯಾಗಿ. ಕೆಲವರು ಎದ್ದು ಪಂಚೆ ಕೊಡವಿಕೊಂಡರು. ನಾನು ಅವಳ ಕ್ಯಾನನ್ನು ಕೈಗೆತ್ತಿಕೊಂಡೆ, ಮಾತು ಕೊಟ್ಟಿದ್ದೆನಲ್ಲ.

ಸೂರ್ಯನ ಕೊನೆಯ ಅಂಚು ಗುಡ್ಡದ ಹಿಂದೆ ಇಳಿದಾಗ ಬೆಳ್ಳಿ ಕೂಗಿತು. ನಮ್ಮ ಕೊಟ್ಟಿಗೆ ಡೈರಿಯ ಬೆನ್ನಿಗೇ ಇದೆ. ಸಂಜೆ ಕರೆಯುವ ವೇಳೆ ಮೀರಿ, ಕೆಚ್ಚಲು ಬಿಗಿದು, ನೋವಿನಿಂದ ಕೂಗಿದ ಕೂಗು ಅದು. ಚಿಕ್ಕತಾಯಮ್ಮ ಅಧ್ಯಕ್ಷರನ್ನೂ ಮರೆತಳು, ನಮ್ಮೆಲ್ಲರನ್ನೂ ಮರೆತಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇಬಿಟ್ಟಳು.

"ಅಯ್ಯೋ, ಒತ್ತಾಗೋಯ್ತಲ್ಲ. ಬಿಡಿ ಯಜಮಾನ್ರೆ, ನನ್ನ ಅಸ ಅರಚ್ತಾ ಅದೆ," ಎಂದವಳೇ ಮೆಟ್ಟಿಲಿಳಿದು ಓಡಿದಳು.

ಗುರುಸಿದ್ದಪ್ಪನವರು ಬಾಯಿ ಸ್ವಲ್ಪ ತೆರೆದುಕೊಂಡು, ಅವಳು ಹೋದ ದಿಕ್ಕನ್ನೇ ನೋಡುತ್ತಾ, "ಹೋಯ್ತು" ಎಂದರು. ಹೇಳಿದ ಮೇಲೆ ತಮ್ಮದು ಬಂದಿರುವುದು ಅವರಿಗೆ ತಿಳಿಯಿತು. "ಹೋಯ್ತು, ಹೋಯ್ತು" ಎಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು, ಎಲ್ಲರ ಬಾಯಲ್ಲೂ ಹಕಾರ ತುಳುಕುತ್ತಿತ್ತು. ನನ್ನ ಮಗ ಹೋ ಎಂದು ಅತ್ತೇಬಿಟ್ಟ, ಅದೂ ಸರಿಯಾದ ಹಕಾರದಲ್ಲೇ.

ಅಧ್ಯಕ್ಷರು ಎದ್ದು ನಿಂತರು. ನಾಲ್ಕು ಮಾತು ಆಡುತ್ತಾರೆಂದುಕೊಂಡೆ, ಆಡಲಿಲ್ಲ. "ಇನ್ಮೇಲೆ ಆ ಹುಡುಗಿ ಆಲು ಅಂದ್ರೆ ಹಾಲು, ಹಾಲು ಅಂದ್ರೆ ಚೆಲ್ಲು," ಎಂದರು. "ಹೆಸರು ಕೂಗಮ್ಮ."

ನಾನು ಜಗುಲಿಯ ತುದಿಗೆ ಹೋಗಿ ಕೊಟ್ಟಿಗೆಯ ಕಡೆ ತಿರುಗಿ ನಿಂತೆ. ಗೋಡೆಯಾಚೆ, ಚೆಲ್ಲಲಿಕ್ಕೆಂದೇ ಹಿಡಿದ ಪಾತ್ರೆಗೆ ಹಾಲಿನ ಧಾರೆ ಬೀಳುವ ಸದ್ದು ಆಗಲೇ ಶುರುವಾಗಿತ್ತು. ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಗಂಟಲು ಹರಿಯುವ ಹಾಗೆ "ಚಿಕ್ಕತಾಯಮ್ಮ" ಎಂದು ಕೂಗಿದೆ. ಗುಡ್ಡದವರೆಗೂ ಹೋಗಿರಬೇಕು. ಧಾರೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಒಳಗಿನಿಂದ ಅವಳ ದನಿ ಬಂತು.

"ಅಂಗ್ಯಾಕೆ ಕೂಗ್ತೀರಿ ಅತ್ತೆಮ್ಮ, ಅಸ ಎದ್ರುಕೊಳ್ತದೆ."